ಬೆನ್ನಳತೆ

ಮೊದಲನೆಯದು ನನ್ನ ಸೊಂಟವನ್ನು ಪಕ್ಕೆಲುಬಿನಲ್ಲಿ ಹುಡುಕಿತು.
ಎರಡನೆಯದು ಮಂಡಿಯ ತನಕ ಇಳಿಯಲು ಒಪ್ಪಲಿಲ್ಲ.
ಮೂರನೆಯದನ್ನು ಸುತ್ತಿ, ಲಾಡಿ ಬಿಗಿದು,
ಬೆಂಗಳೂರು ರೋಡಿನ ಆ ಅಂಗಡಿಯ ಟ್ರಯಲ್ ರೂಮಿನಲ್ಲಿ
ಮುಖ ನೋಡಿಕೊಳ್ಳಲು ಬಗ್ಗಿದೆ.
ಕನ್ನಡಿ ನನ್ನನ್ನು ಕತ್ತಿನ ಕೆಳಗಷ್ಟೇ ಒಪ್ಪಿಕೊಂಡಿತ್ತು.

"ರ‍್ಯಾಪ್ ಡ್ರೆಸ್ಸು ಎಲ್ಲರಿಗೂ ಒಪ್ಪುತ್ತೆ ಮೇಡಂ,
ಸುತ್ತೋದು, ಕಟ್ಟೋದು, ಅಷ್ಟೇ" ಅಂದಳು ಹುಡುಗಿ,
ಸ್ಟೂಲು ಹತ್ತಿ ನನ್ನ ಭುಜದ ಹೊಲಿಗೆ ಎಳೆಯುತ್ತ.

ಎಲ್ಲರಿಗೂ.
ಆ ಪದದೊಳಗೆ ಐದಡಿ ಹನ್ನೊಂದು ಇಂಚು
ಯಾವತ್ತೂ ಹಿಡಿದಿಲ್ಲ.

ಪ್ರಾರ್ಥನೆಯ ಸಾಲಿನಲ್ಲಿ ಕೊನೆಯವಳು,
ಗ್ರೂಪ್ ಫೋಟೋದಲ್ಲಿ ತುದಿಯವಳು,
ಓಣಿಯಲ್ಲಿ ಲೈಟುಕಂಬ.
ಎಂಟನೇ ಕ್ಲಾಸಿನಲ್ಲಿ ಬಗ್ಗಿದ ಬೆನ್ನು
ಹಾಗೇ ಒಣಗಿತು, ಗೂಟಕ್ಕೆ ನೇತುಹಾಕಿದ ಅಂಗಿಯ ಹಾಗೆ.

ಈಗ ತೋರಣಗಲ್ಲಿನ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರು.
ಹೆಲ್ಮೆಟ್ಟು ಇನ್ನೆರಡು ಇಂಚು ಏರಿಸುತ್ತದೆ.
ತಗ್ಗು ಪೈಪು, ಗಿಡ್ಡ ಬಾಗಿಲು ಕಂಡಲ್ಲೆಲ್ಲ
ಬೋರ್ಡು ಹಾಕಿಸುವುದು ನನ್ನ ಕೆಲಸ:
ತಲೆ ಜೋಪಾನ.

ಕೌಲ್ ಬಜಾರಿನ ಸಂದಿಯೊಂದರಲ್ಲಿ ತಗಡಿನ ಅಂಗಡಿ, ಒಂದೇ ಮಿಷನ್ನು.
ಮಾಬುನ್ನಿ ಹದಿನಾಲ್ಕು ವರ್ಷ ಜೀನ್ಸ್ ಯೂನಿಟ್ಟಿನಲ್ಲಿ
ದಿನಕ್ಕೆ ಸಾವಿರದಿನ್ನೂರು ಬೆಲ್ಟ್ ಲೂಪು ಕೂರಿಸಿದವಳು.
ಊರಿನ ಸೊಂಟವೆಲ್ಲ ಅವಳ ಬೆರಳಿಗೆ ಗೊತ್ತು.

"ಬಗ್ಗಬ್ಯಾಡ್ರಿ, ಅಳತಿ ತಪ್ಪತೈತಿ."

ನೆಟ್ಟಗೆ ನಿಂತೆ. ಟೇಪು ಕುತ್ತಿಗೆಯ ಮೂಳೆಯಿಂದ ಇಳಿಯಿತು,
ತಣ್ಣಗೆ, ನಿಧಾನಕ್ಕೆ,
ದಾರಿಯಲ್ಲಿ ಎಲ್ಲೂ ಅವಸರವಿಲ್ಲದೆ.

"ರೆಡಿಮೇಡಿನೋರು ಹದಿನೈದೂವರಿಗೆ ಸೊಂಟ ಮುಗಸ್ತಾರ.
ನಿಮ್ದು ಹದಿನೆಂಟಕ್ಕ ಶುರು ಆಗತೈತಿ.
ನಿಮ್ಮ ಎತ್ರ ಕಾಲಾಗಿಲ್ರಿ, ಬೆನ್ನಾಗೈತಿ."

ಮೂವತ್ತಾರು ವರ್ಷ
ಎಲ್ಲರೂ ಹೇಳಿದ್ದು ಎಷ್ಟು ಉದ್ದ ಎಂದು.
ಎಲ್ಲಿ ಉದ್ದ ಎಂದು ಇವಳೊಬ್ಬಳೇ ಹೇಳಿದಳು.

ಅಮ್ಮನೂ ಉದ್ದ. ಸೀರೆಗೇನು ಸೈಜೇ ಎನ್ನುತ್ತಾರೆ,
ಪನ್ನ ಗೊತ್ತಿಲ್ಲದವರು.
ಇಳಿದಷ್ಟೂ ಅವಳ ಹರಡು ಹೊರಗೇ.
ಹಳೇ ಲಂಗ ಹರಿದು ಒಂದು ಗೇಣು ಪಟ್ಟಿ
ಸೀರೆಯ ಮೇಲಂಚಿಗೆ ಹೊಲಿದುಕೊಳ್ಳುತ್ತಿದ್ದಳು,
ಒಳಗೆ ಸಿಕ್ಕಿಸಿದರೆ ಯಾರಿಗೂ ಕಾಣದ ಹಾಗೆ.
ಅವಳ ಟ್ರಂಕಿನಲ್ಲಿ ಹನ್ನೊಂದು ಸೀರೆ,
ಹನ್ನೊಂದಕ್ಕೂ ಬೇರೆ ಬಣ್ಣದ ಗುಟ್ಟು.

ಬಟ್ಟೆ ಆರಿಸಲು ಮಾಬುನ್ನಿ ಜೊತೆಗೇ ಬಂದಳು.
ಸಣ್ಣ ಹೂವು ಬೇಡವೆಂದಳು, ಇಷ್ಟು ಮೈಮೇಲೆ ಇರುವೆ ಸಾಲು.
ಡೆನಿಮ್ಮೂ ಬೇಡ, ನಿಂತಲ್ಲೇ ನಿಲ್ಲುತ್ತದೆ.
ಕ್ರೇಪು ತೆಗೆದು ಗಾಳಿಗೆ ಬಿಟ್ಟು ತೋರಿಸಿದಳು:
"ಇದು ನೀರಿದ್ದಂಗ. ಉದ್ದ ಸಿಕ್ರ ಹರೀತೈತಿ."
ಬಣ್ಣ ನನ್ನದು. ಅದಿರಿನ ಕೆಂಪು.
ಈ ಊರಿನ ದೂಳು ಕೂತರೂ ಮನೆಯವರಂತೆ ಕೂರಲಿ.

ಎರಡೂವರೆ ಇಂಚು ಕೆಳಗೆ ಸೊಂಟ,
ಮೊಣಕಾಲಿನ ಕೆಳಗೆ ಎಂಟು ಬೆರಳು ಅಂಚು,
ಸ್ಕೂಟರಿನ ಗಾಳಿಗೆ ಬಿಚ್ಚದಂತೆ ಒಳಗೊಂದು ಒತ್ತುಗುಂಡಿ.
ಎಡದ ಮೇಲೆ ಬಲ. ಲಾಡಿ ತೂರಲು ಒಂದು ಲೂಪು,
ಅದನ್ನು ಮಾತ್ರ ಅವಳು ಕಣ್ಣು ಮುಚ್ಚಿಕೊಂಡೇ ಹೊಲಿದಳು.

ಚೀಟಿಯಲ್ಲಿ ಬರೆದದ್ದು: ಪಾರಿಜಾತ, ಬೆನ್ನು 18.
"ಉದ್ದನೇ ಮೇಡಂ" ಅಂತಲ್ಲ.
ಆ ಚೀಟಿ ಪರ್ಸಿನಲ್ಲಿದೆ, ಎಟಿಎಂ ಕಾರ್ಡಿನ ಹಿಂದೆ.

ಮೊನ್ನೆ ಯಾರದೋ ಬೀಳ್ಕೊಡುಗೆ. ಡ್ರೆಸ್ಸು ತೊಟ್ಟು ಹೋದೆ.
ಅಕೌಂಟ್ಸಿನ ಯಂಕೋಬಿ "ಇವತ್ತು ಏನೋ ಬೇರೆ ಕಾಣ್ತೀರಿ" ಅಂದ,
ಏನೆಂದು ಅವನಿಗೆ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.
ಮಾತಾಡುತ್ತಲೇ ಕ್ಯಾಂಟೀನಿನೊಳಗೆ ಕಾಲಿಟ್ಟೆ,

ಢಣ್.

ಹನ್ನೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ
ಆ ಚೌಕಟ್ಟು ನನ್ನ ಹಣೆ ಮುಟ್ಟಿದ್ದು.
ಟೀ ಲೋಟಗಳೆಲ್ಲ ನನ್ನ ಕಡೆ ತಿರುಗಿದವು.
ಬುಗುಟು ಸವರಿಕೊಳ್ಳುತ್ತ ಮೇಲೆ ನೋಡಿದೆ,
ಹಳದಿ ಮೇಲೆ ಕಪ್ಪು ಅಕ್ಷರ,
ಕೆಳಗೆ ನನ್ನದೇ ಸಹಿ.