ನಡದ ಅಳತಿ

ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ಮೂವತ್ತೊಂದು ವರ್ಷ ಆತು, ಗಂಡಸರ ನಡ ಅಳೀತೀನಿ.
ಟೇಪಿನ ತುದಿ ಸವದು
ಒಂದು, ಎರಡು, ಮೂರು ಅಳಿಸಿ ಹೋಗ್ಯಾವ.
ಹೋಗಲಿ, ಅಷ್ಟು ಸಣ್ಣ ನಡ ಯಾರದೈತಿ?

ನನ್ನ ವಹಿಯೊಳಗ ಹೆಸರಿಗೊಂದು ಪುಟ.
ಅಡತಿ ಅಂಗಡಿ ಈರಸಂಗಪ್ಪಂದು ತಗೀರಿ:
ಲಗ್ನದಾಗ ಮೂವತ್ತು.
ಮಗ ಹುಟ್ಟಿದ ವರ್ಷ ಮೂವತ್ನಾಕು.
ಗಾಣದ ಹಂಗಾಮು ಜೋರಿದ್ದ ಆ ದೀಪಾವಳಿಗೆ
ಒಮ್ಮೆಲೆ ಮೂವತ್ತೆಂಟು.
"ಒಳಗ ಅರಿವಿ ಬಿಡ್ರಿ ಮಾಸ್ತರ" ಅಂತಿದ್ದ, ನಗತಿದ್ದ.
ನಾ ಬಿಡತಿದ್ದೆ, ಎರಡು ಇಂಚು, ಮಡಚಿ,
ಮುಂದ ಬೇಕಾಗತೈತಿ ಅಂತ ಗೊತ್ತಿದ್ದು.
ಭವಿಷ್ಯ ಬಲ್ಲಾವ ನಾನೂ ಆಗಿದ್ದೆ,
ಹೇಳಲಿಲ್ಲ ಅಷ್ಟ.
ನಲವತ್ತೆರಡಕ್ಕ ಬಿಚ್ಚಿ ಹೊಲದ ಅವನ ಪ್ಯಾಂಟು
ಒಯ್ಯಾಕ ಬರಲಿಲ್ಲ.
ಮ್ಯಾಲಿನ ಹಲಿಗಿ ಮ್ಯಾಲ ಐತಿ, ಚೀಟಿ ಸಮೇತ.

ಹ್ವಾದ ಮಂಗಳವಾರ ದವಾಖಾನ್ಯಾಗ
ನರ್ಸ್ ಶಾಹೀನಾ, ಜಮಾದಾರ ಮಾಸ್ತರ ಮೊಮ್ಮಗಳು,
ನನ್ನ ಸುತ್ತ ತನ್ನ ಟೇಪು ಹಾಕಿದಳು.
ಉಸಿರು ಎಳಕೊಂಡೆ.
"ಬಿಡ್ರಿ ಕಾಕಾ, ನಿಮ್ಮ ಅಂಗಡಿಗೆ ಬಂದವರೂ ಹಿಂಗ ಮಾಡತಾರಲ್ಲ?"
ಬಿಟ್ಟೆ.
ತೊಂಬತ್ತೇಳು ಸೆಂಟಿಮೀಟರು.
ಬೀಪಿ ನೂರಾ ನಲವತ್ತು ದಾಟಿತ್ತು,
ಖಾಲಿ ಹೊಟ್ಟಿ ಸಕ್ಕರಿ ನೂರಾ ಹದಿನೆಂಟು,
ರಕ್ತದಾಗಿನ ಜಿಡ್ಡು ಹೆಚ್ಚು, ಇರಬೇಕಾದ ಒಳ್ಳೇ ಜಿಡ್ಡು ಕಮ್ಮಿ.
ಅಕಿ ಹೇಳಿದ್ದು ಬ್ಯಾರೆ ಮಾತಿನಾಗ, ನನಗ ತಿಳದದ್ದು ಹಿಂಗ:
ಒಂದೊಂದು ಎಳಿ ಬ್ಯಾರೆ ಹಿಡದ್ರ ಹರೀತಾವ,
ಐದೂ ಹುರಿಗೊಂಡ್ರ ಹಗ್ಗ.

ಮಶೀನಿನಾಗ ವಯಸ್ಸು ಹಾಕಿದಳು, ತಂಬಾಕು ಕೇಳಿದಳು,
ಖರೇನ ಹೇಳಿದೆ.
"ನಿಮ್ಮಂಥವರು ನೂರು ಮಂದಿ ಇದ್ರ
ಹತ್ತು ವರ್ಷದಾಗ ಹದಿನೆಂಟು ಮಂದಿ ಎದಿ ಹಿಡಕೋತಾರ."
ಯಾವ ಹದಿನೆಂಟು, ಅಂದೆ.
ಅದು ಮಶೀನಿಗೂ ಗೊತ್ತಿಲ್ಲಂತ.

ರಾತ್ರಿ ಅಂಗಡಿ ಬಾಗಲಾ ಅರ್ಧಾ ಎಳದು
ವಹಿಯೊಳಗಿನ ನೂರು ಪುಟ ಎಣಸಾಕ ಕುಂತೆ,
ಇಲ್ಲದವರ ಹೆಸರಿಗೆ ಸೀಮೆಸುಣ್ಣದ ಗೀಟು.
ಅರವತ್ತನೇ ಪುಟಕ್ಕ ಸುಣ್ಣ ಮುರೀತು.
ಹೊಸಾದು ತಗೀಲಿಲ್ಲ.
ಇಷ್ಟು ದಪ್ಪ ವಹಿಯೊಳಗ
ನನ್ನ ಹೆಸರಿಂದು ಪುಟ ಇರಲಿಲ್ಲ. ಬರದೆ:
ನಾಮದೇವ ಸಿಂಪಿ. ನಡ, ಮೂವತ್ತೆಂಟು.

ಇವತ್ತ ಈರಸಂಗಪ್ಪನ ಮಗ ಬಂದಾನ, ಇಪ್ಪತ್ತಾರರ ಹುಡುಗ,
ಅಪ್ಪನಂಗ ನಗತಾನ.
ಟೇಪು ಸುತ್ತಿ ಹೆಬ್ಬಟ್ಟಿನ ಕೆಳಗ ನೋಡಿದೆ: ಮೂವತ್ತೇಳು.
"ಒಳಗ ಅರಿವಿ ಬಿಡ್ರಿ ಮಾಸ್ತರ."
ಹಲಿಗಿ ಕಡೆ ನೋಡಲಿಲ್ಲ ನಾ.
"ನಾಳೆ ಚಾ ಕುಡೀದ, ಖಾಲಿ ಹೊಟ್ಟಿಲೆ ದವಾಖಾನಿಗೆ ಹೋಗು" ಅಂದೆ,
"ಶಾಹೀನಾ ಅಂತದಾಳ.
ಅಕಿ ಚೀಟಿ ತಂದ ಮ್ಯಾಲ ಕತ್ತರಿ ಹಾಕತೀನಿ."