ಮೂವತ್ತೆಂಟು ವೋಲ್ಟು

ನಿಂತುಬಿಡತ್ತೆ, ಎಂದಳು ಒರಿಸ್ಯಾ ಫೋನಿನಲ್ಲಿ.
ಎರಡನೇ ಹಸಿರುಮನೆ ದಾಟಿ ಜಲ್ಲಿ ಉಬ್ಬಿದೆಯಲ್ಲ, ಅಲ್ಲೇ.
ಕಾಲು ತೆಗೆದು ಮತ್ತೆ ತುಳಿದರೆ
ಏನೂ ನಡೆದೇ ಇಲ್ಲ ಅನ್ನೋ ಹಾಗೆ ಹೊರಡತ್ತೆ.
ಮೊಂಡು ಹೋರಿಗಾದರೆ ಎರಡು ಬಿಡಬಹುದು,
ಬ್ಯಾಟರಿ ಗಾಡಿಗೆ ಏನು ಮಾಡಲಿ, ಡೆಲ್ಮರ್?

ಡಾಫಿನ್‌ನಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರು.
ಮೇ ಮೊದಲ ವಾರ. ಚರಂಡಿಯುದ್ದಕ್ಕೂ ಹಿಮ,
ಒಗೆಯಲು ಹಾಕಿ ಮರೆತ ಬಟ್ಟೆಯ ಹಾಗೆ.
ಹಸಿರುಮನೆಯ ಬಾಗಿಲು ತೆರೆದರೆ ಮಾತ್ರ ಬೇರೆ ದೇಶ:
ಕನ್ನಡಕ ಮಂಜಾಯಿತು. ಹಸಿ ಮಣ್ಣಿನ ಬಿಸಿ ಉಸಿರು.
ಎಲೆಕೋಸು, ಬೀಟ್‌ರೂಟು, ಪೆಟೂನಿಯಾ,
ತಿಂಗಳೊಳಗೆ ಮಾರಬೇಕು, ಇಲ್ಲವಾದರೆ ತಿಪ್ಪೆಗೆ.

ಮೊದಲು ಬ್ಯಾಟರಿ. ಯಾವಾಗಲೂ ಮೊದಲು ಬ್ಯಾಟರಿ.
ಆರು ಡಬ್ಬಿ, ಒಂದೊಂದರ ಮುಚ್ಚಳ ತೆಗೆದು ಇಣುಕಿದೆ.
ನೀರು ಸರಿ. ಮೀಟರು ಮೂವತ್ತೆಂಟು ತೋರಿಸಿತು.
ಹಿಂದಿನ ಚಕ್ರ ಜಾಕಿ ಮೇಲೆತ್ತಿ, ಸೀಟಲ್ಲಿ ಕೂತು ತುಳಿದೆ:
ಸೊಲೆನಾಯ್ಡು ಟಕ್ ಎಂದಿತು, ಚಕ್ರ ತಿರುಗಿತು.
ಕೇಬಲ್ಲುಗಳನ್ನು ಅಲ್ಲಾಡಿಸಿದೆ,
ಕಳ್ಳನ ಕೊರಳಪಟ್ಟಿ ಹಿಡಿದ ಹಾಗೆ.
ಒಂದು ತುದಿಗೆ ಮಾತ್ರ ಹಸಿರು ಕಿಲುಬು. ಉಜ್ಜಿದೆ.
ಇದೇ ಇರಬೇಕು ಎಂದೆ. ಇದಲ್ಲವೆಂದು ಗೊತ್ತಿತ್ತು.

ಟ್ರೇ ಹೊರುವ ಹುಡುಗ ಕೋಲ್ಟನ್ ಅಂದ:
ನನಗೆ ಒಂದು ಸಲವೂ ನಿಂತಿಲ್ಲ.
ನಾನೂ ಓಡಿಸಿದೆ. ಉಬ್ಬಿನ ಮೇಲೆ ನಾಲ್ಕು ಸಲ. ಬೆಣ್ಣೆ.
ಒರಿಸ್ಯಾ ಹತ್ತಿದಳು. ಉಬ್ಬು ಬಂತು. ಟಕ್.
ಗಾಡಿ ಅಲ್ಲೇ. ಪೆಟೂನಿಯಾ ಟ್ರೇ ಒಂದು ಮುಂದಕ್ಕೆ ಜಾರಿತು.
"ನೋಡು," ಎಂದಳು, "ಇದಕ್ಕೆ ನನ್ನ ಕಂಡರಾಗದು."

ಆಗ ನೋಡಿದೆ. ಗಾಡಿಯನ್ನಲ್ಲ.
ಕಳೆದ ಅಕ್ಟೋಬರಿನಲ್ಲಿ ಆ ಕೋಟಿನ ಗುಂಡಿ
ಹೊಟ್ಟೆಯ ಮೇಲೆ ಬಿಗಿದು ಕೂರುತ್ತಿತ್ತು.
ಈಗ ಕೋಟು ಗೂಟಕ್ಕೆ ತಗುಲಿಹಾಕಿದಂತಿದೆ,
ಗೂಟವೇ ನಡೆದಾಡುತ್ತಿದೆ.
ಚಳಿಗಾಲವಿಡೀ ವಿನ್ನಿಪೆಗ್‌ನಲ್ಲಿದ್ದೆ ಎಂದಿದ್ದಳು,
ತಂಗಿಯ ಮನೆಯಲ್ಲಿ, ಎಂದಿದ್ದಳು.

ಸೀಟಿನ ಅಡಿಯಲ್ಲಿ ಒಂದು ಸ್ವಿಚ್ಚಿದೆ, ಬೆರಳ ತುದಿಯಷ್ಟು.
ಮೇಲೆ ಯಾರೋ ಕೂತಿದ್ದಾರೆಂದು ಅದಕ್ಕೆ ಗೊತ್ತಾಗಬೇಕು,
ಗೊತ್ತಾಗದಿದ್ದರೆ ಮೋಟಾರಿಗೆ ಕರೆಂಟು ಬಿಡದು.
ಒಳ್ಳೆಯ ಸ್ವಿಚ್ಚು. ಕೆಟ್ಟಿಲ್ಲ.
ಉಬ್ಬಿನಲ್ಲಿ ಅರೆಕ್ಷಣ ಸೀಟು ಎದ್ದಾಗ
ಯಾರೂ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದೆ.

ಹೆಂಗಸರ ವಯಸ್ಸು ಕೇಳಬಾರದು. ತೂಕ ಕೇಳುವುದು ಹೇಗೆ?
ಅವಳು ಚಹಾ ಕಾಸಲು ಒಳಹೋದಾಗ
ಇಪ್ಪತ್ತು ಕಿಲೋದ ಮಣ್ಣಿನ ಚೀಲ ಸೀಟಿನ ಮೇಲಿಟ್ಟೆ,
ಕೋಲ್ಟನ್ ಪಕ್ಕಕ್ಕೆ ಜೋತುಬಿದ್ದು ಪೆಡಲು ತುಳಿದ.
ಒಂದು ಚೀಲ: ಅಲುಗಲಿಲ್ಲ. ಎರಡು: ಉಬ್ಬಿನವರೆಗೆ.
ಮೂರು: ದಾಟಿತು.
ಹುಡುಗ ಲೆಕ್ಕ ಹಾಕಿದ್ದು ಮುಖದಲ್ಲಿ ಕಂಡಿತು.
ಬಾಯಿ ಮುಚ್ಚು ಎಂದೆ. ಅವನು ತೆರೆದಿರಲೇ ಇಲ್ಲ.

ಸ್ವಿಚ್ಚಿಗೆ ತಂತಿ ಸುತ್ತಿ ನೇರ ಕೊಡಬಹುದಿತ್ತು,
ಐದು ನಿಮಿಷದ ಕೆಲಸ. ಕೊಡಲಿಲ್ಲ.
ಅವಳು ಇಳಿದ ಮೇಲೂ
ಅವಳಿದ್ದಾಳೆಂದೇ ನಂಬಿಕೊಂಡು ಗಾಡಿ ಓಡುವುದು
ನನಗೆ ಬೇಡವಾಗಿತ್ತು.
ವ್ಯಾನಿನ ಡಬ್ಬಿಯಲ್ಲಿ ತಡಕಿ
ಮೆತ್ತನೆಯ ಸ್ಪ್ರಿಂಗೊಂದು ಹುಡುಕಿ ಹಾಕಿದೆ.
ಎರಡೇ ಚೀಲಕ್ಕೆ ಉಬ್ಬು ದಾಟಿತು.

ಬಿಲ್ಲಿನಲ್ಲಿ ಬರೆದೆ: ಸ್ಪ್ರಿಂಗು ಹಳತಾಗಿತ್ತು, ಬದಲಿಸಿದೆ.
ಓದಿದಳು, ಕನ್ನಡಕ ಏರಿಸಿ, ನಿಧಾನ.
"ಅಕ್ಟೋಬರಿನಲ್ಲಿ ನೀನೇ ಹಾಕಿದ ಸ್ಪ್ರಿಂಗು."
ಹೌದು ಎಂದೆ.
ಗೋಡೆಯ ಫ್ಯಾನು ಪೂರ್ತಿ ಒಂದು ಸುತ್ತು ಕಿರುಗುಟ್ಟಿತು.
ಅದಕ್ಕೂ ಎಣ್ಣೆ ಬೇಕು.
"ಹಳೇದನ್ನ ಎಸೀಬೇಡ," ಎಂದಳು. "ಬೀಟ್‌ರೂಟು ಬರಲಿ,
ಸೂಪು ಆಗಲಿ, ಆಲೂಗಡ್ಡೆ ಕಡುಬು ಆಗಲಿ. ಆಗಸ್ಟಿಗೆ ಬಾ."

ವಾಪಸು ದಾರಿಯುದ್ದಕ್ಕೂ ಜಲ್ಲಿ ರಸ್ತೆ.
ಕಾಫಿ ಲೋಟದ ಗೂಡಿನಲ್ಲಿ ಆ ಗಟ್ಟಿ ಸ್ಪ್ರಿಂಗು
ಹೊಂಡ ಬಂದಾಗೆಲ್ಲ ಎಗರುತ್ತಿತ್ತು.
ಕಾಲಡಿ ಬಿದ್ದು ಕಳೆದುಹೋಗದಿರಲೆಂದು
ಒಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೆ.