ಐದು ದಿನದ ವಿಷ

ಮರಳು ಇದು. ಸಮುದ್ರವಿಲ್ಲದ ಮರಳು.
ಕಿಷ್ಕುನ್‌ಷಾಗ್ ಬಯಲಿನಲ್ಲಿ ಗಾಳಿ ಬೀಸಿದರೆ
ಹೊಲವೇ ಎದ್ದು ಪಕ್ಕದ ಊರಿಗೆ ಹೋಗುತ್ತಿತ್ತಂತೆ.
ಅದಕ್ಕೇ ಬೊಲ್ದಿಝಾರ್‌ನ ಅಪ್ಪ
ದಿನಗೂಲಿಗೆ, ಸಾಲಾಗಿ, ಚೀನದ ಸಸಿ ನೆಟ್ಟ.
ಮರಳು ಕೂತಿತು. ಮರ ಕೂರಲಿಲ್ಲ.

ಊರವರು ಅದನ್ನು ಕರೆಯುವುದು ವಿಗ್ರಹದ ಮರವೆಂದು.
ಯಾವ ವಿಗ್ರಹ, ಪೂಜಿಸಿದವರು ಯಾರು,
ಕೇಳಬೇಡಿ, ಬೊಲ್ದಿಝಾರ್‌ನಿಗೂ ಗೊತ್ತಿಲ್ಲ.
ಎಲೆ ತಿಕ್ಕಿದರೆ ಮುಗ್ಗಿದ ಕಡಲೆಕಾಯಿಯ ವಾಸನೆ.
ಅಪ್ಪ ನೆಟ್ಟದ್ದನ್ನು ಮಗ ಕಡಿಯುತ್ತಾನೆ ಈಗ,
ಅದೂ ದಿನಗೂಲಿಗೇ, ಇಲಾಖೆಯ ಹಸಿರು ಕೋಟಿನಲ್ಲಿ.
ಒಂದು ಕಡಿದರೆ ಬುಡದಿಂದ ಹದಿನೇಳು.
ಎಣಿಸಿದ್ದಾನೆ.
ರಕ್ತಬೀಜನ ಕಥೆ ಅವನು ಕೇಳಿಲ್ಲ, ಹೇಳಿದರೆ ನಕ್ಕಾನು:
‘ಆ ದೇವಿಗೆ ನಾಲಗೆಯಿತ್ತು, ನನಗೆ ಗರಗಸ.’

ಆ ಮರದ ಕೆಳಗೆ ಬೇರೇನೂ ಹುಟ್ಟದು.
ಇದನ್ನು ಮೊದಲು ಕಂಡುಹಿಡಿದವು ಅವನ ಕೋಳಿಗಳು:
ಕೆದರಲು ಹುಳುವಿಲ್ಲ, ಹುಲ್ಲಿಲ್ಲ,
ಬೇಲಿಯಾಚೆ ನಡೆದವು.
ಆಮೇಲೆ ನೋಡಿದ್ದು ಎಮೆಶೆ.

ಸೆಗೆಡ್‌ನಿಂದ ಬಸ್ಸು ಹಿಡಿದು ಬರುತ್ತಾಳೆ,
ಬೆನ್ನಚೀಲದಲ್ಲಿ ಚಾಕು, ಬ್ರೆಡ್ಡು, ಖಾಲಿ ಡಬ್ಬಿ.
ತಲೆನೋವು ಬರುವತನಕ ಬೇರಿನ ತೊಗಟೆ ಸುಲಿಯುತ್ತಾಳೆ.
ಒಣಗಿಸಿ, ಅರೆದು, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಮತ್ತೆ ಸೋಸಿ
ಕೊನೆಗೆ ಗಾಜಿನ ತಳದಲ್ಲಿ ಒಂದು ಚಿಟಿಕೆ:
ಐಲಾಂಥೋನ್.
ಹೆಸರಿನ ಬೇರಿನಲ್ಲಿ ಸ್ವರ್ಗವಿದೆಯಂತೆ. ರುಚಿ ಕಹಿಯಂತೆ.
ನಾಲಗೆಗಿಡಲು ಅಪ್ಪಣೆಯಿಲ್ಲ;
ಒಮ್ಮೆ ಬೆರಳು ನೆಕ್ಕಿದಳು.
ಬರೆದಿಡಲಿಲ್ಲ.

ತಟ್ಟೆಯಲ್ಲಿ ಒದ್ದೆ ಕಾಗದ, ಕಾಗದದ ಮೇಲೆ ಆಳ್ವಿ ಬೀಜ,
ಬಾಣಂತಿಯ ಪಾಯಸಕ್ಕೆ ಹಾಕುತ್ತಾರಲ್ಲ, ಅದೇ.
ಇಪ್ಪತ್ತೈದು ಬೀಜ, ನಾಲ್ಕು ತಟ್ಟೆ, ಮೂರು ದಿನದ ಕತ್ತಲು.
ಬರಿನೀರು ಕುಡಿದವಕ್ಕೆ ಬೆರಳುದ್ದ ಬೇರು.
ಪುಡಿಯ ನೀರು ಕುಡಿದವು ಬಾಯಿ ತೆರೆದವು;
ಮಾತು ಬರಲಿಲ್ಲ.
ಎಮೆಶೆ ಸ್ಕೇಲು ಹಿಡಿದು ಅಳೆದಳು:
ಸೊನ್ನೆ, ಸೊನ್ನೆ, ಒಂದು ಮಿಲಿಮೀಟರು, ಸೊನ್ನೆ.
ಖುಷಿಯಾಯಿತು. ಖುಷಿಯಾದದ್ದಕ್ಕೆ ಸ್ವಲ್ಪ ನಾಚಿಕೆ.

ಮುಳ್ಳಿಂದ ಮುಳ್ಳು ತೆಗೆ ಅನ್ನುವುದು ಸುಲಭ.
ತೆಗೆದ ಮೇಲೆ ಕೈಯಲ್ಲಿ ಉಳಿಯುತ್ತದಲ್ಲ ಇನ್ನೊಂದು,
ಅದನ್ನು ಎಲ್ಲಿಡುವುದು?

ಮಣ್ಣಿಗೆ ಹಾಕಿ ನೋಡಿದಳು.
ಕುಂಡ, ಮರಳು, ಅಳತೆಯ ಹನಿ.
ಮೊದಲ ದಿನ ಬಿತ್ತಿದ್ದು ಸತ್ತಿತು. ಎರಡನೆಯ ದಿನದ್ದೂ.
ಮೂರರಂದು ಬಿತ್ತಿದ್ದು ಒಂದೇ ಒಂದು ಸೊಟ್ಟ ಮೊಳಕೆ.
ಐದರಂದು ಬಿತ್ತಿದ್ದೆಲ್ಲ
ಏನೂ ನಡೆದೇ ಇಲ್ಲವೆಂಬಂತೆ ಎದ್ದು
ಕಿಟಕಿಯ ಕಡೆ ಕತ್ತು ತಿರುಗಿಸಿತು.
ಕಣ್ಣಿಗೆ ಕಾಣದ ಯಾವುದೋ ಜೀವ
ಮಣ್ಣೊಳಗೆ ಕೂತು ಅಷ್ಟೂ ವಿಷ ಉಂಡು
ಬಟ್ಟಲು ತೊಳೆದಿಟ್ಟು ಹೋಗಿತ್ತು.
ಕಂಠದಲ್ಲಿ ಕಲೆ ಕೂಡ ಇಟ್ಟುಕೊಂಡಿರಲಿಲ್ಲ.

ಕಂಪನಿಯಿಂದ ಬಂದವನ ಹೆಸರು ತಿಹಮೇರ್.
ಒಳ್ಳೆಯ ಮನುಷ್ಯ, ಚಾಕೊಲೇಟು ತಂದಿದ್ದ.
ಅಂಕಿಗಳ ಮೇಲೆ ಬೆರಳಾಡಿಸಿ ಕನ್ನಡಕ ತೆಗೆದ:
‘ಕೊಲ್ಲುವುದೇನೋ ಚೆನ್ನಾಗಿ ಕೊಲ್ಲುತ್ತದೆ. ಆದರೆ ಐದು ದಿನ?
ರೈತ ಕೇಳುವುದು ಒಂದು ಬೆಳೆಯ ಕಾಲ.
ಇಷ್ಟು ಬೇಗ ಮರೆತುಬಿಡುವ ವಿಷವನ್ನು
ಯಾರಿಗೆ ಮಾರಲಿ?’
‘ಮರ ಮಾರುವುದಿಲ್ಲವಲ್ಲ,’ ಅಂದಳು ಎಮೆಶೆ,
‘ದಿನಾ ಹೊಸದಾಗಿ ಸುರಿಸುತ್ತದೆ.’
ಅವನು ಬರೆದುಕೊಂಡ.
ಬರೆದುಕೊಂಡದ್ದನ್ನು ಮತ್ತೆ ಓದಿರಲಾರ.

ಬೊಲ್ದಿಝಾರ್ ಕೇಳಿದ್ದು ಬೇರೆ ಪ್ರಶ್ನೆ:
‘ಹಾಗಾದರೆ ಬೇರು ಕಿತ್ತ ಜಾಗದಲ್ಲಿ
ಆರನೆಯ ದಿನ ಬಿತ್ತಬಹುದೇ?’
‘ಕುಂಡದಲ್ಲಿ ಬಿತ್ತಬಹುದು,’ ಎಂದಳು.
‘ಬಯಲಿನಲ್ಲಿ... ನನಗೆ ಗೊತ್ತಿಲ್ಲ.’

ಟೊಪ್ಪಿಯ ಮಡಿಕೆಯಿಂದ ಬೀಜ ತೆಗೆದ;
ಬೆಳ್ಳಗೆ ಉದ್ದ ಎಳೆಯ ಹುಲ್ಲು, ಆ ಮರಳಿನ ಹಳೆಯ ಒಕ್ಕಲು,
ಅನಾಥ ಹುಡುಗಿಯ ಕೂದಲು ಅಂತ ಅದರ ಹೆಸರು.
ಗುಂಡಿ ತೋಡಲಿಲ್ಲ. ಗಾಳಿಗೆ ಹಿಡಿದ.

ಅವನ ಬೆನ್ನ ಹಿಂದೆ, ನಿನ್ನೆ ಕಡಿದ ಬುಡದಲ್ಲಿ
ಹದಿನೆಂಟನೆಯದು
ಕೆಂಪಗೆ ಕಣ್ಣು ಬಿಟ್ಟಿತ್ತು.